ಬುಧವಾರ ನೋಡೋಣ

ಕಳೆದ ತಿಂಗಳ ಒಂದು ಭಾನುವಾರ ಸಂಜೆ ಬಾರಾಮತಿ ಕಡೆಯ ಯಾವ ಹಸುವೂ ಹಾಲು ಕೊಡಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲ ಹಸುಗಳೂ ಎರಡರಷ್ಟು ಕೊಟ್ಟವು.

ಹಾಗೆಂದು ಹೇಳಿದ್ದು ನಮ್ಮ ಸಾಫ್ಟ್‌ವೇರು. ಹಸುಗಳನ್ನು ಯಾರೂ ಕೇಳಿರಲಿಲ್ಲ.

ನಾನು ಪುಣೆಯ ಮಗರಪಟ್ಟಾದಲ್ಲಿ ಗಾಜಿನ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಕೂತು ಹಾಲಿನ ಲೆಕ್ಕದ ಪ್ರೋಗ್ರಾಂ ಬರೆಯುವವಳು ಎಂಬುದು ಈ ಅಂಕಣ ಓದುವವರಿಗೆ ಗೊತ್ತು. (ಹೊಸಬರಿಗೆ: ಒಂದು ದೊಡ್ಡ ಡೇರಿ. ಊರೂರಲ್ಲಿ ಅದಕ್ಕೆ ಹಾಲು ಅಳೆದುಕೊಳ್ಳುವ ಕೇಂದ್ರಗಳು. ಕೇಂದ್ರಕ್ಕೊಂದು ಕಂಪ್ಯೂಟರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಲ್ಲಿಂದ ಫೋನ್ ಲೈನಿನಲ್ಲಿ ಲೆಕ್ಕ ಬರುತ್ತದೆ. ಅದನ್ನೆಲ್ಲ ಕೂಡಿಸಿ ಯಾವ ದಾರಿಗೆ ಎಷ್ಟು ಟ್ಯಾಂಕರ್ ಬೇಕು ಎಂದು ಹೇಳುವುದು ನಮ್ಮ ಸಾಫ್ಟ್‌ವೇರಿನ ಕೆಲಸ.) ಹಾಲು ಕರೆಯುವುದನ್ನು ನಾನು ಹತ್ತಿರದಿಂದ ನೋಡಿದ್ದು ಕಡಿಮೆ. ಆದರೂ ಕೆಲವು ಸಂಜೆ, ಸ್ಕ್ರೀನಿನ ಮೇಲೆ ಅಂಕಿಗಳು ಒಂದರ ಹಿಂದೊಂದು ಮೂಡುವಾಗ, ನಾನು ಕಾಣದ ಯಾವುದೋ ಊರಿನಲ್ಲಿ ಕ್ಯಾನಿಗೆ ಹಾಲು ಸುರಿಯುವ ಸದ್ದು ಕೇಳಿದ ಹಾಗಾಗುತ್ತದೆ. ಏಸಿಯ ಗುಂಯ್ ಶಬ್ದದೊಳಗಿಂದ ಎಲ್ಲೋ ದೂರದಲ್ಲಿ ನೊರೆ ಏಳುತ್ತದೆ. ಇಂಥದನ್ನೆಲ್ಲ ಆಫೀಸಿನಲ್ಲಿ ಯಾರಿಗೂ ಹೇಳುವಂತಿಲ್ಲ. ನಿಮಗೆ ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ ಡೇರಿಯ ಅಧಿಕಾರಿಯ ಫೋನು. "ಕಾಯ್ ಮ್ಯಾಡಮ್, ಆಮಚ್ಯಾ ಗಾಯೀಂನಾ ರವಿವಾರಚೀ ಸುಟ್ಟೀ ದಿಲೀತ್ ಕಾ?"

ನಮ್ಮ ಹಸುಗಳಿಗೂ ಭಾನುವಾರದ ರಜೆ ಕೊಟ್ಟುಬಿಟ್ಟಿರಾ ಎಂದು ಕೇಳುತ್ತಿದ್ದಾರೆ. ನಗುತ್ತಲೇ ಕೇಳಿದರು. ಆದರೆ ಆ ಎರಡರಷ್ಟು ಹಾಲಿನ ಲೆಕ್ಕ ನಂಬಿ ಅಂದು ಬೆಳಿಗ್ಗೆ ಒಂದು ದಾರಿಗೆ ಹೆಚ್ಚಿನ ಟ್ಯಾಂಕರು ಹೋಗಿ ಖಾಲಿಯೇ ಬಂದಿತ್ತು. ಇದು ಸರಿಯಾಗುವವರೆಗೆ ಅವರ ಜನ ಒಂದೊಂದೇ ಕೇಂದ್ರಕ್ಕೆ ಫೋನ್ ಮಾಡಿ ಲೆಕ್ಕ ಕೇಳಿ ಬರೆದುಕೊಳ್ಳಬೇಕು. ಅದನ್ನೂ ನಗುತ್ತಲೇ ಹೇಳಿದರು. ಪುಣೆ ಕಡೆಯವರ ಈ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಫೋನಿಟ್ಟು ವಿಷಯ ಹೇಳಿದೆ. ನಮ್ಮದು ಸಣ್ಣ ಟೀಮು. ಅದರಲ್ಲಿ ಎಲ್ಲರಿಗಿಂತ ಮೊದಲು ಮಾತಾಡುವವನು ಮಂದಾರ್. ಅವನು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ಹೇಳಿದ:

"ಬುಧವಾರಿ ಬಘೂ."

ಬುಧವಾರ ನೋಡೋಣ. ಎಲ್ಲರೂ ತಲೆಯಾಡಿಸಿದರು. ನಾನೂ. ಸೋಮವಾರ ಮನೆಗೆ ಬೆಂಕಿ ಬಿದ್ದರೆ ಫೈರ್ ಬ್ರಿಗೇಡಿನವರು ಬುಧವಾರ ಬರುತ್ತಾರೆ ಎಂದು ಚಹಾ ಕುಡಿಯುತ್ತ ಕೂರುವವರುಂಟೇ?

ನಾವು ಕೂತೆವು.

ಬುಧವಾರ ಏನು ವಿಶೇಷ? ಇನಾಮದಾರ ಸರ್ ಬರುತ್ತಾರೆ.

ನಿಮ್ಮ ಮನೆಯ ನೀರಿನ ಫಿಲ್ಟರಿಗೆ ವರ್ಷದ ಸರ್ವಿಸ್ ಕಾಂಟ್ರಾಕ್ಟ್ ಇರುತ್ತದಲ್ಲ, ಹಾಗೆಯೇ ಇದೂ. ಫಿಲ್ಟರಿನ ಜಾಗದಲ್ಲಿ ನಮ್ಮ ತಲೆಗಳು. ದೊಡ್ಡ ಸಾಫ್ಟ್‌ವೇರ್ ಕಟ್ಟುವ ಟೀಮುಗಳಿಗೆ ಈಗ ಹೊರಗಿನ ಪರಿಣತರೊಬ್ಬರನ್ನು ವರ್ಷಪೂರ್ತಿ ಜೊತೆಗಿಟ್ಟುಕೊಳ್ಳುವ ರೂಢಿ ಬಂದಿದೆ. ಅವರು ನೌಕರರಲ್ಲ. ಬಂದು ಪಾಠ ಮಾಡಿ ಹೋಗುವವರೂ ಅಲ್ಲ. ವಾರಕ್ಕೊಂದು ದಿನ ಬಂದು ಪಕ್ಕದಲ್ಲಿ ಕೂರುತ್ತಾರೆ. ಸಿಕ್ಕು ಬಿದ್ದಲ್ಲಿ ಬಿಡಿಸಲು ಕೈ ಕೊಡುತ್ತಾರೆ. ಮಿಕ್ಕ ದಿನ ಫೋನಿನಲ್ಲಿ ಸಿಗುತ್ತಾರೆ. (ನಾವು ಮಾತ್ರ ಮಿಕ್ಕ ದಿನ ಫೋನ್ ಮಾಡಿದ್ದೇ ಇಲ್ಲ. ಬುಧವಾರ ಬರುತ್ತಾರಲ್ಲ!)

ಇನಾಮದಾರ ಸರ್‌ಗೆ ಐವತ್ತು ದಾಟಿದೆ. ಅರ್ಧ ತೋಳಿನ ಇಸ್ತ್ರಿ ಅಂಗಿ. ಶಿವಾಜಿನಗರದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಾರೆ. ಕೀಬೋರ್ಡನ್ನು ಮುಟ್ಟುವುದಿಲ್ಲ. ಬಿಳಿ ಹಲಗೆಯ ಮೇಲೆ ಚೌಕಗಳನ್ನು ಬರೆಯುತ್ತಾರೆ, ಬಾಣ ಎಳೆಯುತ್ತಾರೆ, ಪ್ರಶ್ನೆ ಕೇಳುತ್ತಾರೆ. ಹಲಗೆಯ ಮೇಲೆ ಇಂಗ್ಲಿಷ್, ಬಾಯಲ್ಲಿ ಮರಾಠಿ. ನಮ್ಮ ಟೀಮಿನವರೆಲ್ಲ ಅವರನ್ನು ಅಪ್ಪಟ ಪುಣೇಕರ್ ಎಂದೇ ತಿಳಿದಿದ್ದಾರೆ.

ನಾನೂ ತಿಳಿದಿದ್ದೆ. ಅವರು ಬರತೊಡಗಿದ ಹೊಸದರಲ್ಲಿ ಒಂದು ಸಂಜೆ ಚಹಾ ಮಷೀನಿನ ಹತ್ತಿರ ಬೆನ್ನು ಹಾಕಿ ನಿಂತು ಮೊಬೈಲಿನಲ್ಲಿ ಮಾತಾಡುತ್ತಿದ್ದರು. "ಹಾಲ ಫ್ರಿಜ್‌ನ್ಯಾಗ ಇಟ್ಟೀನಿ ನೋಡ. ಹೆಪ್ಪ ಹಾಕೂದ ಮರೀಬ್ಯಾಡ. ನಿನ್ನಿ ಮಸರು ಹುಳಿ ಆಗಿತ್ತು, ನಾ ಏನರೆ ಅಂದೆನೇನು? ಸುಮ್ಮ ಉಂಡೆ."

ನನ್ನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಸಾಮಾನ್ಯವಾಗಿ ನಾನು ಇನ್ನೊಬ್ಬರ ಫೋನ್ ಮಾತಿಗೆ ಕಿವಿಗೊಡುವವಳಲ್ಲ. ಅವರು ತಿರುಗಿ ನನ್ನ ಮುಖ ನೋಡಿದರು. ಮುಖದಲ್ಲಿ ಏನಿತ್ತೋ!

"ನೀವು ಕನ್ನಡದವರೇನ್ರಿ?"

"ಹೌದು ಸರ್. ತುಮಕೂರು."

"ಅಯ್ಯ! ಮತ್ತ ಇಷ್ಟ ದಿನಾ ನನ್ನ ಕೂಡ ಇಂಗ್ಲಿಷ್‌ನ್ಯಾಗ ಯಾಕ ಒದ್ದಾಡಿದ್ರಿ?"

ಅವರದು ಬಿಜಾಪುರ. ತಂದೆ ಕ್ಲಾರ್ಕ್ ಕೆಲಸಕ್ಕೆಂದು ಪುಣೆಗೆ ಬಂದವರು, ಇಲ್ಲೇ ಉಳಿದರು. ಮನೆಯೊಳಗೆ ಕನ್ನಡ, ಹೊಸ್ತಿಲ ಹೊರಗೆ ಮರಾಠಿ. ಅಂದು ಸಂಜೆ ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ 'ಮೇಡಂ' ಹೋಗಿ 'ತಂಗಿ' ಆಗಿತ್ತು.

ಆಮೇಲೆ ಅದೇ ಅಭ್ಯಾಸವಾಯಿತು. ಮೀಟಿಂಗ್ ರೂಮಿನಲ್ಲಿ ನಾವಿಬ್ಬರು ಕನ್ನಡವಾಡಿದರೆ ಉಳಿದವರಿಗೆ ಸರಿಕಾಣದು. ಅಲ್ಲಿ ಆಡುತ್ತಿರಲಿಲ್ಲ. ಸಂಜೆ ಅವರು ಹೊರಟಾಗ ನಾನೂ ಕೆಳಗಿನವರೆಗೆ ಹೋಗುತ್ತಿದ್ದೆ. ಆರನೇ ಮಹಡಿಯಿಂದ ಸ್ಕೂಟರಿನವರೆಗೆ, ಅಷ್ಟೇ ದೂರದ ಕನ್ನಡ.

"ನಿಮ್ಮ ಕಡೆ ಮುದ್ದಿ ಅಗಿಯೂದ ಇಲ್ಲಂತ, ಹಂಗ ನುಂಗತೀರಂತ? ಹಲ್ಲಿಗಿ ಸಂಬಳಾ ಕೊಟ್ಟು ಮನ್ಯಾಗ ಕೂಡಿಸಿದಂಗಾತು."

"ನಿಮ್ಮ ಕಡೆ ರೊಟ್ಟಿ ತಟ್ಟೋ ಸದ್ದಿಗೆ ಪಕ್ಕದ ಬೀದಿಯವರು ಏಳ್ತಾರಂತಲ್ಲ ಸರ್?"

"ಏಳ್ತಾರ. ಎದ್ದು ಬಂದು ಉಣ್ಣತಾರ!"

ಇಷ್ಟೇ. ಇದಕ್ಕಿಂತ ಘನವಾದ ಮಾತು ನಾವು ಆಡಿದ್ದಿಲ್ಲ. ಆದರೂ ಬುಧವಾರ ಬೆಳಿಗ್ಗೆ ಕಂಪನಿ ಬಸ್ಸು ಸೋಲಾಪುರ ರಸ್ತೆ ಹಿಡಿದಾಗ ನಾನು ಕಿಟಕಿಯ ಗಾಜಿಗೆ ಹಣೆಯಿಟ್ಟು ಅರೆನಿದ್ದೆಯಲ್ಲಿರುತ್ತಿದ್ದೆ, ಮತ್ತು ಆ ನಿದ್ದೆ ಕನ್ನಡದಲ್ಲಿರುತ್ತಿತ್ತು. ಸಂಜೆ ಹೇಳಬೇಕಾದ ಮಾತುಗಳು ತಾವಾಗಿ ಬಂದು ಸಾಲಾಗಿ ನಿಲ್ಲುತ್ತಿದ್ದವು. ಟೆರೇಸಿನ ಕಂಬಿಯ ಮೇಲೆ ಕೂತಿದ್ದ ಕವಲು ಬಾಲದ ಕರಿ ಹಕ್ಕಿ. ಊಟದ ಡಬ್ಬಾ ಕೊಡುವವನು ಸಾರಿಗೆ ಬೆಲ್ಲ ಹಾಕಿದ್ದು. ಇದೇ ರಸ್ತೆ ಮುಂದೆ ಸೋಲಾಪುರ ದಾಟಿ ಬಿಜಾಪುರಕ್ಕೆ ಹೋಗುತ್ತದೆ ಎಂದು ಅವರು ಒಮ್ಮೆ ಹೇಳಿದ್ದರು. ಬಸ್ಸು ಮಗರಪಟ್ಟಾದ ಗೇಟಿನಲ್ಲಿ ತಿರುಗುವಾಗೆಲ್ಲ ನನಗೆ, ತಿರುಗದೆ ಹೀಗೇ ಮುಂದೆ ಹೋಗಿಬಿಟ್ಟರೆ, ರಸ್ತೆಬದಿಯ ಬೋರ್ಡುಗಳು ಒಂದೊಂದಾಗಿ ಮೆಲ್ಲಗೆ ಕನ್ನಡಕ್ಕೆ ಬದಲಾಗುತ್ತ ಹೋಗುವುದು ಕಾಣಿಸುತ್ತಿತ್ತು.

ಬಸ್ಸು ಯಾವಾಗಲೂ ತಿರುಗುತ್ತಿತ್ತು ಬಿಡಿ.

ಆ ಸೋಮವಾರಕ್ಕೆ ಮರಳುತ್ತೇನೆ. ಮಧ್ಯಾಹ್ನ ನಮ್ಮ ಮ್ಯಾನೇಜರ್ ಅಪರ್ಣಾ ಮೇಡಂ ಕರೆದರು. ಹಸುಗಳ ವಿಷಯಕ್ಕೆ ಇರಬೇಕು ಎಂದುಕೊಂಡು ಹೋದೆ. ಅಲ್ಲ.

"ಇನಾಮದಾರ್ ಅವರ ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯುತ್ತೆ. ಇನ್ನೊಂದು ವರ್ಷ ವಾರವಾರ ಅವರು ಬರಬೇಕಾ? ಟೀಮ್ ಲೀಡ್ ನೀನು. ಶುಕ್ರವಾರ ಹೇಳು."

ಬೇಕು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ನಾಲಿಗೆಯ ತುದಿಯದನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟು ನೋಡುವವಳು. ಹೇಳುತ್ತೇನೆ ಎಂದಷ್ಟೇ ಹೇಳಿ ಬಂದೆ. ಬೇಡ ಎಂದರೆ ಬುಧವಾರ ಹೋಗುತ್ತದೆ. ಬುಧವಾರ ಹೋದರೆ ಲಿಫ್ಟು ಹೋಗುತ್ತದೆ. ಇದನ್ನು ಮ್ಯಾನೇಜರಿಗೆ ಯಾವ ಭಾಷೆಯಲ್ಲಿ ಹೇಳುವುದು?

ಬುಧವಾರ ಬಂತು. ಇನಾಮದಾರ ಸರ್ ಬಂದರು. ಮೀಟಿಂಗ್ ರೂಮಿನಲ್ಲಿ ಎಲ್ಲರೂ ಸೇರಿದೆವು. ನಾನು ಹಸುಗಳ ಕಥೆ ಹೇಳಿದೆ. ಅವರು ಹಲಗೆಯ ಮೇಲೆ ಒಂದು ಚೌಕ ಬರೆದು, 'ಭಾನುವಾರ ಸಂಜೆ' ಎಂದು ಇಂಗ್ಲಿಷಿನಲ್ಲಿ ಬರೆದು, ನಮ್ಮ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು:

"ಅವತ್ತು ಸಂಜೆ ಕೇಂದ್ರಗಳಲ್ಲಿ ಏನಾಗಿತ್ತು?"

ಮೇಜಿನ ತುದಿಯಲ್ಲಿ ವೈಶಾಲಿ ಕೂತಿದ್ದಳು. ಕಾಲೇಜು ಮುಗಿಸಿ ನೇರ ನಮ್ಮಲ್ಲಿಗೆ ಬಂದ ಹುಡುಗಿ, ಮಾತು ನನಗಿಂತ ಕಡಿಮೆ. (ಅದಕ್ಕೇ ಅವಳನ್ನು ಕಂಡರೆ ನನಗೆ ಇಷ್ಟ.) ಅವಳು ಮೆಲ್ಲಗೆ ಶುರು ಮಾಡಿದಳು.

"ಫೋನ್ ಲೈನ್ ಬಂದ್ ಇತ್ತು ಸರ್. ಸಂಜೆಯ ಲೆಕ್ಕವೂ ಸೋಮವಾರ ಬೆಳಿಗ್ಗೆಯೇ ಬಂತು. ನಮ್ಮ ಪ್ರೋಗ್ರಾಂ ಹಾಲು ಯಾವಾಗ ಅಳೆದರು ಅಂತ ನೋಡೋದಿಲ್ಲ, ಲೆಕ್ಕ ಯಾವಾಗ ಬಂತು ಅಂತ ನೋಡುತ್ತೆ. ಹಾಗಾಗಿ ಸಂಜೆಯ ಹಾಲೂ ಬೆಳಗಿನದಾಯಿತು."

ಮುಗಿಯಿತು. ಅಷ್ಟೇ ವಿಷಯ. ಮಂದಾರ್ ಬಾಯಿ ತೆರೆದವನು ಹಾಗೆಯೇ ಕೂತಿದ್ದ.

ಇನಾಮದಾರ ಸರ್ ಮುಖ ಅರಳಿತು. "ಶಾಬಾಸ್! ಇದು ಯಾವಾಗ ಹೊಳೆಯಿತು?"

"ಸೋಮವಾರ ಸರ್. ಚಹಾದ ಹೊತ್ತಿಗೆ."

"ಯಾರಿಗೆ ಹೇಳಿದೆ?"

ವೈಶಾಲಿ ನನ್ನ ಕಡೆ ನೋಡಿದಳು. ಮಂದಾರನ ಕಡೆ ನೋಡಿದಳು. ಮತ್ತೆ ಅವರ ಕಡೆ.

"ತುಮ್ಹೀ ಬುಧವಾರಿ ಯೇಣಾರ್ ಹೋತಾತ್ ನಾ, ಸರ್."

ನೀವು ಬುಧವಾರ ಬರುವವರಿದ್ದಿರಲ್ಲ, ಸರ್.

ಪಾಪ, ಅವಳ ದನಿಯಲ್ಲಿ ಅಳುಕೇ ಇಲ್ಲ. ನೆಂಟರು ಬರುವತನಕ ಹೊಸ ಉಪ್ಪಿನಕಾಯಿಯ ಭರಣಿಯನ್ನು ತೆರೆಯದೆ ಇಟ್ಟ ಹಾಗೆ ಅವಳು ಆ ಉತ್ತರವನ್ನು ಅವರಿಗಾಗಿ ಇಟ್ಟಿದ್ದಳು. ಪ್ರೀತಿಯಿಂದಲೇ ಇಟ್ಟಿದ್ದಳು. ಅತ್ತ ಬಾರಾಮತಿ ಕಡೆ ಡೇರಿಯ ಜನ ಕೇಂದ್ರಕೇಂದ್ರಕ್ಕೂ ಫೋನ್ ಮಾಡುತ್ತ ಕೂತಿದ್ದರು.

"ಸರ್‌ಗೆ ನೈವೇದ್ಯ ಆಗಲಿ ಅಂತ ಮುಚ್ಚಿಟ್ಟಿದ್ದಳು," ಎಂದ ಮಂದಾರ್. ಎಲ್ಲರೂ ನಕ್ಕರು. ಇನಾಮದಾರ ಸರ್ ನಗಲಿಲ್ಲ. ಮಾರ್ಕರಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ಅರಳಿದ್ದು ಮತ್ತೆ ಮಡಚಿಕೊಂಡಿತು.

ಇದು ನಮ್ಮ ಟೀಮಿನ ರೋಗ ಮಾತ್ರವೇ? ನಾನಿರುವ ಮನೆಯ ಒಡತಿಗೆ ಮೊಣಕಾಲು ನೋವು, ಶನಿವಾರಕ್ಕೊಮ್ಮೆ ಡಾಕ್ಟರು. ಶುಕ್ರವಾರ ಹೇಗಿದೆ ಎಂದು ಕೇಳಿದರೆ, ನಾಳೆ ಡಾಕ್ಟರರಿಗೇ ಹೇಳುತ್ತೇನೆ ಎನ್ನುತ್ತಾರೆ, ನೋವನ್ನು ನನಗೆ ಹೇಳಿದರೆ ಅದು ಹಳಸಿಬಿಡುತ್ತದೆ ಎಂಬಂತೆ. ನನ್ನ ಗೆಳತಿಯೊಬ್ಬಳು ತನ್ನ ದುಃಖಗಳನ್ನೆಲ್ಲ ಅಣ್ಣ ಬರುವ ದೀಪಾವಳಿಗೆ ಕೂಡಿಡುತ್ತಾಳೆ. ಅಣ್ಣ ಬಂದಾಗ ಅರ್ಧ ಮರೆತಿರುತ್ತಾಳೆ, ಮರೆತದ್ದಕ್ಕೆ ಅಳುತ್ತಾಳೆ. ನೆರವು ಬರುವ ದಿನ ಗೊತ್ತಿದ್ದರೆ ಕಷ್ಟವೂ ಆ ದಿನಕ್ಕೆ ತಯಾರಾಗಿ, ತಲೆ ಬಾಚಿಕೊಂಡು ಕೂರುತ್ತದೆ. ನಡುವಿನ ದಿನಗಳಲ್ಲಿ ನಮ್ಮ ತಲೆಗೆ ರಜೆ.

ಮತ್ತೆ ನಾನು? ಆ ಹಕ್ಕಿಯನ್ನೂ ಡಬ್ಬಾದ ಸಾರನ್ನೂ ಬುಧವಾರಕ್ಕೆ ಎತ್ತಿಟ್ಟವಳು ಯಾರು?

ಸಂಜೆ ಲಿಫ್ಟಿನ ಬಾಗಿಲು ಮುಚ್ಚಿತು. ನಾವಿಬ್ಬರೇ. ನಾನು ಹಕ್ಕಿಯ ವಿಷಯ ತೆಗೆಯಬೇಕೆಂದಿದ್ದೆ. ಅವರೇ ಮೊದಲು ಶುರು ಮಾಡಿದರು.

"ಡಾಕ್ಟರ್ ಬರತಾನಂತ ಜ್ವರಾ ಕಾಯ್ಕೊಂಡು ಕೂತಂಗಾತಲ್ಲ ತಂಗಿ ಇದು," ಎಂದರು. "ಔಷಧ ಆ ಹುಡುಗಿ ಕೈಯಾಗ ಅದ. ಆದರೂ ಕೂತಾಳ."

"ಅವಳು ನಿಮ್ಮ ಮೇಲಿನ ಗೌರವಕ್ಕೆ..."

"ಗೌರವ ಬ್ಯಾರೆ. ಒಂದ ವರ್ಷ ಬಂದೆ ನಾ. ಬಂದು ಕಲಿಸಿದ್ದು ಏನು? ಕಾಯೂದು?"

ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬಾಗಿಲು ತೆರೆಯಿತು. ಹೊರಗೆ ಸಂಜೆಯ ಬಿಸಿಲು ಕಟ್ಟಡಗಳ ಗಾಜಿಗೆಲ್ಲ ಹತ್ತಿಕೊಂಡು, ಇಡೀ ಟೌನ್‌ಶಿಪ್ಪು ನೀರಿನ ಕೆಳಗಿದ್ದ ಹಾಗೆ ಅಲುಗುತ್ತಿತ್ತು. ಅವರು ಸ್ಕೂಟರಿನ ಸೀಟನ್ನು ಕೈಯಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ಕಾಂಟ್ರಾಕ್ಟ್ ಬಗ್ಗೆ ನಿನ್ನ ಕೇಳ್ಯಾರಲ್ಲ?"

ನಾನು ತಲೆಯಾಡಿಸಿದೆ.

"ಬುಧವಾರ ಬಂತಂದ್ರ ನಮ್ಮಾಕಿ ಹಿಂದಿನ ದಿನಾನ ಇಸ್ತ್ರಿ ಅಂಗಿ ತಗದಿಡತಾಳ. ಮದಿವಿಗಿ ಹೊಂಟಂಗ ಹೊಂಟೀರಿ ಅಂತ ಚಾಷ್ಟಿ ಮಾಡತಾಳ. ನನಗೂ ಇಲ್ಲಿಗಿ ಬರೂದಂದ್ರ ಭಾಳ ಖುಷಿ, ಸುಳ್ಳ್ಯಾಕ ಹೇಳ್ಲಿ?" ಕಿಕ್ ಹೊಡೆದರು. ಸ್ಕೂಟರು ಹತ್ತಲಿಲ್ಲ. "ಆದರ ನನ್ನ ಮಾರಿ ನೋಡಿ ಹೇಳಬ್ಯಾಡ ತಂಗಿ. ವೈಶಾಲಿ ಮಾರಿ ನೋಡಿ ಹೇಳು."

ಇನ್ನೊಂದು ಕಿಕ್ಕಿಗೆ ಹತ್ತಿತು. ಹೋದರು. ಬಿಜಾಪುರದ ದಿಕ್ಕಿಗಲ್ಲ, ಊರೊಳಗಿನ ಟ್ರಾಫಿಕ್ಕಿಗೆ.

ಶುಕ್ರವಾರ ಅಪರ್ಣಾ ಮೇಡಂ ಮುಂದೆ ಕೂತೆ. ಹೇಳಬೇಕಾದದ್ದನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಇನಾಮದಾರ ಸರ್ ನಮ್ಮ ಜೊತೆ ಇರಲಿ. ಆದರೆ ವಾರಕ್ಕೊಂದು ದಿನ ಎಂಬುದು ಬೇಡ. ನಾವು ಕರೆದಾಗ ಬರಲಿ. ಕರೆಯುವ ಮೊದಲು, ಯಾರಿಗೆ ಏನು ಹೊಳೆದಿದೆಯೋ ಅದನ್ನು ಎದ್ದು ನಿಂತು ಉಳಿದವರಿಗೆ ಹೇಳಬೇಕು. ತಪ್ಪಿದ್ದರೂ ಹೇಳಬೇಕು. ಅದಾದ ಮೇಲೂ ಬಿಡಿಸಲಾಗದಿದ್ದರೆ ಅವರಿಗೆ ಫೋನು.

ಮೇಡಂ ಪೆನ್ನಿನ ತುದಿ ಕಚ್ಚಿಕೊಂಡು ನನ್ನನ್ನು ನೋಡಿದರು. "ಎಲ್ಲರಿಗಿಂತ ನಿನಗೇ ಅವರು ಬೇಕಿರಬಹುದು ಅಂದುಕೊಂಡಿದ್ದೆ. ಪ್ರತಿ ಸಲ ಕೆಳಗಿನವರೆಗೂ ಹೋಗಿ ಕಳಿಸಿಬರ್ತೀಯಲ್ಲ?"

"ಅದು ಬೇರೆ ವಿಷಯ ಮೇಡಂ."

ಅವರು ಮುಂದೆ ಕೇಳಲಿಲ್ಲ. ಒಳ್ಳೆಯ ಮ್ಯಾನೇಜರು.

ಹೊಸ ಏರ್ಪಾಟಿಗೆ ಒಪ್ಪಿಗೆ ಎಂದು ಇನಾಮದಾರ ಸರ್ ಅವರಿಂದ ಒಂದು ಸಾಲಿನ ಇಮೇಲ್ ಬಂತು. ಇಂಗ್ಲಿಷಿನಲ್ಲಿ. ಅದನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಸಲ ಓದಿದೆ. ಒಂದು ಸಾಲಿನಲ್ಲಿ ಹೆಚ್ಚು ಸಲ ಓದುವಂಥದ್ದೇನಿರುತ್ತದೆ?

ಆಮೇಲೆ ಅವರಿಲ್ಲದ ಮೊದಲ ಬುಧವಾರ ಬಂತು. ಬಸ್ಸು ಸೋಲಾಪುರ ರಸ್ತೆ ಹಿಡಿಯಿತು. ಹಣೆಗೆ ಗಾಜು ತಣ್ಣಗಿತ್ತು. ನಿದ್ದೆ ಬಂತು. ಮಾತುಗಳು ಬಂದು ಸಾಲಾಗಿ ನಿಂತವು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತೇ ಇದ್ದವು.

ಬೆಳಿಗ್ಗೆಯೇ ಒಂದು ತೊಡಕು ಎದುರಾಯಿತು. ಯಾವುದೋ ಕೇಂದ್ರದ ಲೆಕ್ಕ ಎರಡೆರಡು ಸಲ ಬರುತ್ತಿದೆ. ಮಂದಾರ್ ಅಭ್ಯಾಸಬಲದಿಂದ ಕುರ್ಚಿ ತಿರುಗಿಸಿದ. "ಬುಧವಾರಿ ಬ..." ಎಂದವನು ಅರ್ಧ ಸುತ್ತಿಗೇ ನಿಂತ. "ಅರೇ! ಆಜ್ ಬುಧವಾರಚ್ ಆಹೇ!"

ಇವತ್ತೇ ಬುಧವಾರ! ಇಡೀ ಸಾಲು ಗೊಳ್ಳೆಂದು ನಕ್ಕಿತು. ನಗು ನಿಲ್ಲುವ ಮೊದಲೇ ವೈಶಾಲಿ ಎದ್ದು ನಿಂತಿದ್ದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತನಗೆ ಅನಿಸಿದ್ದನ್ನು ಹೇಳಿದಳು. ಅವಳು ಹೇಳಿದ್ದು ತಪ್ಪಾಗಿತ್ತು. ಮಂದಾರ್ ಅದು ತಪ್ಪೆಂದ. ಹೇಗೆ ತಪ್ಪು ಎಂದು ಅವಳು ಕೇಳಿದಳು. ಹೇಗೆಂದು ತೋರಿಸಹೋಗಿ ಅವನಿಗೆ ಸರಿಯಾದದ್ದು ಕಂಡಿತು. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ವೈಶಾಲಿ ಡಬ್ಬಿ ಬಿಚ್ಚುತ್ತ ಯಾವುದೋ ಹಾಡು ಗುನುಗುತ್ತಿದ್ದಳು. ಅವಳು ಗುನುಗುತ್ತಾಳೆಂದು ನನಗೆ ಅಂದೇ ಗೊತ್ತಾದದ್ದು.

ನನಗೆ ಸಂತೋಷವಾಯಿತೇ? ಆಯಿತು. ಊಟ ಮುಗಿಸಿ ಒಬ್ಬಳೇ ಲಿಫ್ಟಿನಲ್ಲಿ ಕೆಳಗಿಳಿಯುವವರೆಗೂ ಇತ್ತು.

ಲಿಫ್ಟು ಒಂದೊಂದೇ ಮಹಡಿ ಇಳಿಯಿತು. ಪ್ರತಿ ಮಹಡಿಯಲ್ಲೂ ದೀಪ ಹತ್ತಿ ಆರಿತು. ಇಷ್ಟು ಎತ್ತರದ ಕಟ್ಟಡ ಇದು ಎಂದು ನಾನು ತಿಳಿದೇ ಇರಲಿಲ್ಲ.

ಕೆಳಗೆ, ತೋಟದ ಕೊಳದ ಹತ್ತಿರ ಕಲ್ಲುಬೆಂಚು ಇದೆ. ಮಧ್ಯಾಹ್ನ ಅಲ್ಲಿ ಯಾರೂ ಇರುವುದಿಲ್ಲ. ನೀರಿನಲ್ಲಿ ಕಟ್ಟಡಗಳು ತಲೆಕೆಳಗಾಗಿ ತೂಕಡಿಸುತ್ತಿದ್ದವು. ಮೊಬೈಲು ತೆಗೆದೆ. ಒಳಗಿಟ್ಟೆ. ಒಪ್ಪಂದದ ಪ್ರಕಾರ ತೊಡಕಿದ್ದಾಗ ಮಾತ್ರ ಫೋನು. ಅದನ್ನು ಬರೆದವಳೇ ನಾನು. ತೊಡಕು ಎಲ್ಲಿದೆ? ಒಂದಾದರೂ ಇರಬಾರದೇ ಎಂದು ಆಫೀಸಿನ ಕೆಲಸವನ್ನೆಲ್ಲ ಮನಸ್ಸಿನಲ್ಲೇ ತಡಕಿದೆ. ಎಲ್ಲ ಸರಿಯಾಗಿತ್ತು. ಯಾವಾಗಲೂ ಬೇಡದಾಗ ಸಿಗುವುದು, ಬೇಕಾದಾಗ ಒಂದೂ ಇಲ್ಲ.

ಆಗ ಕೊಳದ ಕಂಬಿಯ ಮೇಲೆ ಆ ಹಕ್ಕಿ ಬಂದು ಕೂತಿತು. ಅದೇ ಕವಲು ಬಾಲ.

ಫೋನ್ ಮಾಡಿದೆ.

"ಏನಾತು ತಂಗಿ? ಏನ್ ಕೆಟ್ಟದ?" ಗಾಬರಿಯ ದನಿ. ಹಿಂದೆ ಎಲ್ಲೋ ಕುಕ್ಕರಿನ ಸೀಟಿ.

"ಏನೂ ಕೆಟ್ಟಿಲ್ಲ ಸರ್."

"ಮತ್ತ?"

"ಏನಿಲ್ಲ. ಹೀಗೇ."

ನಾನು ಕಣ್ಣು ಮುಚ್ಚಿಕೊಂಡೆ. ಇಡಬೇಕೇನೋ, ಕ್ಷಮಿಸಿ ಎನ್ನಬೇಕೇನೋ ಎಂದು ಯೋಚಿಸುವಷ್ಟರಲ್ಲಿ ಒಳಗಿನಿಂದ ಹೆಂಗಸಿನ ದನಿ ಕೇಳಿತು. "ಯಾರರೀ? ಆಫೀಸಿಂದೇನು?"

"ಆಫೀಸಿಂದ ಅಲ್ಲ," ಎಂದರು ಇನಾಮದಾರ ಸರ್, ಅವರಿಗೆ. "ನಮ್ಮ ತುಮಕೂರಿನಾಕಿ." ಆಮೇಲೆ ನನಗೆ: "ತಡಿ ತಂಗಿ, ಕುರ್ಚಿ ಎಳಕೊಂಡು ಕೂಡ್ತೀನಿ. ಈಗ ಹೇಳು."

ಏನೂ ಕೆಡದೇ ಇರುವ ದಿನ ನೀವು ಯಾರಿಗೆ ಫೋನ್ ಮಾಡುತ್ತೀರಿ?